ಮೂರೂ ಅಲಾರಂ ಒಟ್ಟಿಗೆ ಕೂಗಿದಾಗ

ಯಂಕವ್ವಕ್ಕಾ,

ಬಚ್ಚಲಿನ ಗ್ಯಾಸ್ ಗೀಸರಿನ ವಿಷಗಾಳಿಗೆ ನೀನು ಹೋಗಿ ಎರಡು ವರ್ಷವಾಯಿತು. ಇಂದು ಬೆಳಿಗ್ಗೆ ಆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಧನಕವಡಿ ಬಡಾವಣೆಯಲ್ಲಿ ಹೋಟೆಲ್ ನಡೆಸುವ ಕುಸುಮಕ್ಕನ ಮನೆಗೆ ಹೊಗೆ ಮತ್ತು ವಿಷಗಾಳಿಯ ಮೂರು ಅಲಾರಂ ಕೂಡಿಸಲು ಹೋಗಿದ್ದೆ. ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಹಚ್ಚಿ ನೋಡಿ, ಒಂದು ಕೂಗಿದರೆ ಮೂರೂ ಕೂಗುವಂತೆ ವಯರ್ ಜೋಡಿಸಿದೆ. ಕರೆಂಟ್ ಕೊಟ್ಟು, ಮಹಡಿಯಲ್ಲಿ ಏಣಿ ಮಡಚುತ್ತಿದ್ದಾಗ ತಲೆಯ ಮೇಲಿನದು ಕಿರುಚಿತು. ಕೆಳಗಿನವೂ ಕಿರುಚಿದವು. ಓಡಿ ಇಳಿದೆ.

“ಹೊಸತಲ್ವಾ, ವಯರ್ ತಪ್ಪಿರ್ಬೇಕು ಮಾರಾಯ್ರೆ,” ಎಂದರು ಕುಸುಮಕ್ಕ.

ಬಚ್ಚಲ ಬಾಗಿಲ ಹೊರಗಿನ ಅಲಾರಂನಲ್ಲಿ ಮಾತ್ರ, ವಿಷಗಾಳಿ ತಾಕಿದ ಗುರುತಿನ ಕೆಂಪು ದೀಪ ಮಿನುಗುತ್ತಿತ್ತು.

“ವಯರ್ ಅಲ್ರೀ. ಒಳಗ ಯಾರದಾರ?”

“ಮಗಳು ಶರಣ್ಯಾ. ಗ್ಯಾಸ್ ಗೀಸರ್ ಹಾಕಿ ಸ್ನಾನ ಮಾಡ್ತಿದ್ದಾಳೆ.”

ಕೂಗಿದರೆ ಉತ್ತರವಿಲ್ಲ. ಬಾಗಿಲು ಒದ್ದು ಮುರಿದೆ. ಹುಡುಗಿ ಗೋಡೆಗೊರಗಿ ಕುಸಿದಿದ್ದಳು. ತಾಯಿ ಟವೆಲ್ ಸುತ್ತಿದರು, ಇಬ್ಬರೂ ಸೇರಿ ಹೊರಗಿನ ಗಾಳಿಗೆ ಎಳೆದು ತಂದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಕಣ್ಣು ಬಿಟ್ಟಳು.

“ನಿಮಗೆ ಅಷ್ಟು ಬೇಗ ಹೇಗೆ ಗೊತ್ತಾಯ್ತು?” ಎಂದು ಕುಸುಮಕ್ಕ ಕೇಳಿದರು.

“ನಮ್ಮಕ್ಕ ಹಿಂಗ ಹೋದಳ್ರೀ,” ಎಂದೆ.

ಅಕ್ಕಾ, ಕಿಟಕಿಯಿಲ್ಲದ ನಿನ್ನ ಬಚ್ಚಲಿನಲ್ಲಿ ಆ ಗೀಸರ್ ಕೂಡಿಸಿದವರು ಯಾರೆಂದು ಅವರು ಕೇಳಲಿಲ್ಲ. ಅದು ನಾನೇ ಎಂದು ನಾನೂ ಹೇಳಲಿಲ್ಲ.

ತಮ್ಮ,
ಅಂಬಾರಾಯ