ಕಿರುಬೆರಳು

ಮನೆ, ಅಡುಗೆಕೋಣೆಯ ಮೇಜು
ಭಾನುವಾರ, ಫೆಬ್ರವರಿ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ರಾತ್ರಿ ಪಾಳಿ ಮುಗಿಸಿ ಬಂದವಳು ಸೀದಾ ಮಲಗಬೇಕಂತೆ, ನೋಟ್ಸ್ ಬರೆಯುತ್ತ ಕೂರಬಾರದಂತೆ, ಅಮ್ಮನ ಅಪ್ಪಣೆ. ನಿಮ್ಮ ಹಾಸ್ಟೆಲಿನ ವಾರ್ಡನ್ ಈಗಲೂ ಬಕೆಟ್ ಲೆಕ್ಕ ತೆಗೆದುಕೊಳ್ಳುತ್ತಾರೆಯೆ? ನರ್ಸ್ ಆಗಲು ಬಂದವರಿಗೆ ಮೊದಲ ಪಾಠ ಬಕೆಟ್ ಕಾಯುವುದು ಎಂದು ನೀನು ಬರೆದದ್ದನ್ನು ಅಮ್ಮ ಎದುರುಮನೆಯ ದರ್ಜಿಗೂ ಓದಿ ಹೇಳಿ ನಗಿಸಿದ್ದಾಳೆ. ಅವಳ ಕಾಲಿನ ಪ್ಲಾಸ್ಟರ್ ತೆಗೆದಿದ್ದಾರೆ, ಆದರೆ ಊರಿ ನಡೆಯಲು ಇನ್ನೂ ಆಗುವುದಿಲ್ಲ. ಕುರ್ಚಿಯಲ್ಲಿ ಕೂತೇ ಮನೆ ಆಳುತ್ತಿದ್ದಾಳೆ. ನಾನು ಪ್ರೆಸ್ಸಿನಲ್ಲಿ ಅದೇ ಕರಪತ್ರ ಮಡಿಸುವ ಕೆಲಸದಲ್ಲಿದ್ದೇನೆ. ಮಡಿಸಿದ್ದನ್ನೆಲ್ಲ ಓದುವ ಚಟವೂ ಬಿಟ್ಟಿಲ್ಲ. "ನಿನ್ನನ್ನ ಇಟ್ಕೊಂಡಿರೋದು ಮಡಿಸೋಕೆ ಕಣಯ್ಯ, ಲೋಕ ತಿದ್ದೋಕಲ್ಲ" ಎಂದು ಮಾಲೀಕರು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾರೆ.

ಈ ಪತ್ರ ನಿನ್ನ ಮಗಳ ಬಗ್ಗೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಭಾಷಣ ಶುರು ಮಾಡುತ್ತೇನೆ, ವಿಷಯ ಅಲ್ಲೇ ಉಳಿದುಬಿಡುತ್ತದೆ. ಹೆದರಬೇಡ, ಜ್ವರ ಬಿಟ್ಟಿದೆ. ಜ್ವರ ಬಂದಿತ್ತೆಂದೇ ನಿನಗೆ ಹೇಳಿರಲಿಲ್ಲ ನಾವು. ನಮ್ಮ ಚಿನಕುರಳಿ ಶಿಶುವಿಹಾರಕ್ಕೆ ಸೇರಿದ ಮೇಲೆ ಬಟ್ಟೆ ಒದ್ದೆ ಮಾಡಿಕೊಳ್ಳುವುದನ್ನು ನಿಲ್ಲಿಸಿದಳು ಎಂದು ಎಷ್ಟು ಹೆಮ್ಮೆಯಿಂದ ಬರೆದಿದ್ದೆ, ನೆನಪಿದೆಯೆ? ಆ ಶಾಲೆ ಒಳ್ಳೆಯದು, ಶಿಸ್ತು ಕಲಿಸಿದೆ ಎಂದು ಅಮ್ಮ ಬಂದವರಿಗೆಲ್ಲ ಹೇಳಿದ್ದಳು. ಅವಳ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತಿತ್ತು. ಅದನ್ನು ಗಿಡಕ್ಕೆ ಸುರಿದು ತೊಳೆದಿಡುತ್ತಿದ್ದವನು ನಾನೇ, ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಆಮೇಲೆ ಜ್ವರ ಬಂತು. ಒಂದಕ್ಕೆ ಕೂತಾಗಲೆಲ್ಲ ಉರಿ ಉರಿ ಎಂದು ಅಳತೊಡಗಿದಳು. ಡಾಕ್ಟರ್ ಔಷಧಿ ಬರೆದುಕೊಟ್ಟು, ಈ ಮಗು ನೀರು ಕುಡಿಯುವುದೇ ಇಲ್ಲವೆ ಎಂದು ನನ್ನ ಮುಖ ನೋಡಿದರು. ನೀನೀಗ ಓದುತ್ತಿರುವ ಪುಸ್ತಕದಲ್ಲಿ ಇದಕ್ಕೊಂದು ದೊಡ್ಡ ಹೆಸರಿರಬೇಕು.

ಮನೆಗೆ ಬಂದು ಅವಳನ್ನೇ ಕೇಳಿದೆ. ಅವಳಿಗೆ ದುಃಖವೇನೂ ಇರಲಿಲ್ಲ, ಏನೋ ಕಂಡುಹಿಡಿದವರ ಸಂಭ್ರಮ. "ಮಾಮ, ಕುಡಿದ್ರೆ ಬರತ್ತೆ. ಕುಡೀದಿದ್ರೆ ಬರಲ್ಲ." ನಡೆದದ್ದು ಇಷ್ಟು: ಅಲ್ಲಿ ಒಂದಕ್ಕೆ ಹೋಗಲು ಎರಡು ಹೊತ್ತು ಗೊತ್ತು ಮಾಡಿದ್ದಾರೆ, ತಿಂಡಿಯಾದ ಮೇಲೊಮ್ಮೆ, ಮಧ್ಯಾಹ್ನ ಮಲಗುವ ಮುಂಚೆ ಇನ್ನೊಮ್ಮೆ. ನಡುವೆ ಯಾರು ಕಿರುಬೆರಳು ಎತ್ತಿದರೂ ಸಿಗುವ ಉತ್ತರ "ಆಮೇಲೆ". ಇವಳು ಒಮ್ಮೆ ತಡೆಯಲಾರದೆ ಚಾಪೆ ಒದ್ದೆ ಮಾಡಿದಳಂತೆ, ಉಳಿದ ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕರಂತೆ. ಅವತ್ತಿನಿಂದ ಬಾಟಲಿ ಮುಟ್ಟಿಲ್ಲ. ಅಕ್ಕಾ, ಮೂರೂವರೆ ವರ್ಷದ ಕೂಸು ಯಾರ ಸಹಾಯವೂ ಇಲ್ಲದೆ ತಾನಾಗಿ ಕಲಿತ ಪಾಠ ಇದು. ಗೋಡೆಯ ತುಂಬ ಅಕ್ಷರ ಬರೆದಿರುವ ಆ ಶಾಲೆ ಅವಳಿಗೆ ನಿಜವಾಗಿ ಕಲಿಸಿದ್ದು ಬಾಯಾರಿಕೆ ತಡೆಯುವುದನ್ನು.

ನಾನು ಸುಮ್ಮನಿರುವವನೆ? ಪ್ರೆಸ್ಸಿನಲ್ಲಿ ಉಳಿದ ಹಾಳೆ ಬೇಡಿ ತಂದು ನಾನೇ ಒಂದು ಕರಪತ್ರ ಬರೆದೆ. "ಮಕ್ಕಳು ಗಿಡಗಳಲ್ಲ, ನಿಮ್ಮ ಹೊತ್ತಿಗೆ ನೀರುಣ್ಣಲು" ಎಂದು ತಲೆಬರಹ. ಶಾಲೆಯ ಗೇಟಿನಲ್ಲಿ ನಿಂತು ಹಂಚಿದೆ. ತಾಯ್ತಂದೆಯರು ಓದುತ್ತಲೇ ಸ್ಕೂಟರ್ ಏರಿ ಹೋದರು. ಒಬ್ಬರು ಮಾತ್ರ ನಿಂತು, "ನಮ್ಮ ಮಗು ಇಲ್ಲಿ ಎಬಿಸಿಡಿ ಪೂರ್ತಿ ಹೇಳತ್ತೆ, ನಿಮ್ದೇನು ತಕರಾರು?" ಎಂದರು. ಆದರೆ ದೊಡ್ಡ ಮಿಸ್, ಅಂದರೆ ಶಾಲೆ ನಡೆಸುವವರು, ನನ್ನನ್ನು ಒಳಗೆ ಕರೆದು ಕೂರಿಸಿ, ಕರಪತ್ರವನ್ನು ಎರಡು ಸಲ ಓದಿ, ನೀವು ಹೇಳುವುದು ಸರಿ ಎಂದರು. ಮರುವಾರದಿಂದಲೇ ನೀರಿನ ಗಂಟೆ ಶುರುವಾಯಿತು. ಗಂಟೆ ಹೊಡೆದ ಕೂಡಲೇ ಎಲ್ಲ ಮಕ್ಕಳೂ ಬಾಟಲಿ ಎತ್ತಿ ಕುಡಿಯಬೇಕು. ನಾನು ಗೆದ್ದೆ ಎಂದುಕೊಂಡೆ. ಅಮ್ಮನ ಮುಂದೆ ಎದೆಯುಬ್ಬಿಸಿ ಓಡಾಡಿದೆ. ನೋಡು, ಕಾಗದಕ್ಕೆ ಎಂಥ ಶಕ್ತಿ ಎಂದೆ.

ನೀರಿನ ಗಂಟೆ ಬಂತು, ಒಂದಕ್ಕೆ ಹೋಗುವ ಹೊತ್ತು ಮಾತ್ರ ಮೊದಲಿನದೇ. ಅದನ್ನು ನಾನೂ ಯೋಚಿಸಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ಚಾಪೆ, ಚಡ್ಡಿ, ನೆಲ ಎಲ್ಲ ಒದ್ದೆ. ಆಯಮ್ಮ ನೆಲ ಒರೆಸಿ ಒರೆಸಿ ಸಾಕಾಗಿ, ಇನ್ನು ಈ ಕೆಲಸ ಬಿಡುತ್ತೇನೆ ಎಂದಿದ್ದಾಳೆ. ಅದಕ್ಕೆ ದೊಡ್ಡ ಮಿಸ್ ಹೊಸ ನಿಯಮ ತಂದರು: ಎಲ್ಲ ಮಕ್ಕಳೂ ಡೈಪರ್ ಹಾಕಿಕೊಂಡೇ ಬರಬೇಕು. ಬಿಟ್ಟು ವರ್ಷವಾದವರೂ. ಚಿನಕುರಳಿ ಡೈಪರ್ ಬಿಟ್ಟ ದಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಲಂಗ ಎತ್ತಿ "ನಾನು ದೊಡ್ಡೋಳು" ಎಂದು ತೋರಿಸಿಕೊಂಡು ಬಂದವಳು. ನೀನು ನಾಚಿ ಸತ್ತಿದ್ದೆ. ಈಗ ಬೆಳಿಗ್ಗೆ ನಾನೇ ಅವಳಿಗೆ ಡೈಪರ್ ಕಟ್ಟುತ್ತೇನೆ, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ. ಮೊದಲ ದಿನ ಒದ್ದು ರಂಪ ಮಾಡಿದಳು. ಈಗ ಹಲಗೆಯ ಹಾಗೆ ಮಲಗಿ ಛಾವಣಿ ನೋಡುತ್ತಾಳೆ. ರಂಪ ಮಾಡಿದ ದಿನವೇ ಚೆನ್ನಾಗಿತ್ತು.

ನಾನು ಮತ್ತೆ ಹೋಗಿ ಕೂಗಾಡಿದೆ. ದೊಡ್ಡ ಮಿಸ್ ಕೋಪ ಮಾಡಿಕೊಳ್ಳಲಿಲ್ಲ. "ಒಂದು ದಿನ ಬಂದು ನೀವೇ ನೋಡ್ಕೊಳ್ಳಿ, ಆಮೇಲೆ ನೀವು ಹೇಳಿದ ಹಾಗೆ ಮಾಡೋಣ" ಎಂದರು. ಅದನ್ನೂ ಬಿಡಲಿಲ್ಲ ನಾನು, ರಜೆ ಹಾಕಿ ಹೋದೆ. ಉದ್ದನೆಯ ಒಂದೇ ಕೋಣೆ. ಕೂಗಿ ಕೂಗಿ ಗಂಟಲು ಕಟ್ಟಿಹೋದ ಚಿಕ್ಕ ಮಿಸ್, ನನಗಿಂತ ಸಣ್ಣವಳು. ಆಯಮ್ಮ ಅಡುಗೆಯಲ್ಲಿ. ಟಾಯ್ಲೆಟ್ ಇರುವುದು ಅಂಗಳದ ಆಚೆ, ಪಾಚಿಗಟ್ಟಿದ ಮೆಟ್ಟಿಲು ಇಳಿದು ಹೋಗಬೇಕು. ದೊಡ್ಡವರು ಕೈ ಹಿಡಿಯದಿದ್ದರೆ ಮಕ್ಕಳು ಜಾರುತ್ತಾರೆ. ನಾನು ಮೊದಲ ಬೆರಳಿಗೇ ಎದ್ದೆ. ಎರಡನೆಯದಕ್ಕೂ ಎದ್ದೆ. ವಾಪಸು ಬರುವಷ್ಟರಲ್ಲಿ ಒಬ್ಬ ಇನ್ನೊಬ್ಬಳ ಕೆನ್ನೆ ಕಚ್ಚಿ ರಕ್ತ ಬರಿಸಿದ್ದ, ಚಿಕ್ಕ ಮಿಸ್ ಅವಳನ್ನು ಎತ್ತಿಕೊಂಡು ಓಡಾಡುತ್ತಿದ್ದಳು, ಮತ್ತೊಂದು ಮಗು ಗೇಟಿನ ಚಿಲಕ ತೆಗೆದು ಅರ್ಧ ಹೊರಗಿತ್ತು. ಅದನ್ನು ಹಿಡಿದು ತಂದು, ಗೇಟು ಹಾಕಿ ತಿರುಗಿದರೆ ನಮ್ಮ ಚಿನಕುರಳಿ ನಿಂತಿದ್ದಳು. ಡೈಪರ್ ಇದ್ದರೂ ಕಿರುಬೆರಳು ಎತ್ತಿದ್ದಳು. ಮಾಮ ಇದ್ದಾನೆ ಎಂಬ ಧೈರ್ಯ. ನನ್ನ ಬಾಯಿಂದ ಬಂದದ್ದು, "ಆಮೇಲೆ ಕಂದ, ಈಗಲ್ಲ."

ಅವಳು ಅಳಲಿಲ್ಲ. ಬೆರಳು ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡು ತನ್ನ ಚಾಪೆಗೆ ಹೋಗಿ ಕೂತಳು. ಸಂಜೆ ದೊಡ್ಡ ಮಿಸ್ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. ಇನ್ನೊಬ್ಬ ಆಯಾಳನ್ನು ಹುಡುಕುತ್ತಲೇ ಇದ್ದಾರಂತೆ, ಬಂದವರು ವಾರ ನಿಲ್ಲುವುದಿಲ್ಲವಂತೆ. ನನಗೆ ಬೈಯಲು ಯಾರೂ ಸಿಗಲಿಲ್ಲ ಅಕ್ಕಾ. ಓದಿದ ಕರಪತ್ರಗಳಲ್ಲೆಲ್ಲ ಶತ್ರು ಯಾರೆಂದು ಮೊದಲ ಸಾಲಿನಲ್ಲೇ ಬರೆದಿರುತ್ತಿತ್ತು.

ಇನ್ನೊಂದು ಶಾಲೆ ಇದೆ, ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ. ನಾನು ಪ್ರೆಸ್ಸಿನಿಂದ ಬರುವುದು ಸಂಜೆ. ಅಮ್ಮ ಕುರ್ಚಿಯಿಂದ ಎದ್ದು ಅವಳ ಹಿಂದೆ ಓಡಲಾರಳು. ಭಾವ ಇದ್ದಿದ್ದರೆ ಎಂದು ಅಮ್ಮ ಶುರು ಮಾಡುತ್ತಾಳೆ, ಅರ್ಧಕ್ಕೇ ನಿಲ್ಲಿಸುತ್ತಾಳೆ. ನೀನು ಮಾತ್ರ ಬರಬೇಡ. ತರಬೇತಿ ನಡುವೆ ಬಿಟ್ಟರೆ ಸೀಟು ಮತ್ತೆ ಸಿಗುವುದಿಲ್ಲ, ಅದಕ್ಕಾಗಿ ನೀನು ಪಟ್ಟ ಪಾಡು ನನಗೆ ಗೊತ್ತು. ಏನಾದರೂ ದಾರಿ ಹುಡುಕುತ್ತೇನೆ. ಕೆಮ್ಮಿಗೆ ಬಿಸಿನೀರು ಕುಡಿ, ಹೊದ್ದು ಮಲಗು. ಅಮ್ಮನ ಆಶೀರ್ವಾದಗಳು. ನಿನ್ನ ಮಗಳು ಈ ಹಾಳೆಯ ಮೂಲೆಗೆ ಮುತ್ತು ಕೊಟ್ಟಿದ್ದಾಳೆ, ಜಿಡ್ಡಿನ ಕಲೆ ಅದೇ.

ಇಂತಿ, ನಿನ್ನ ತಮ್ಮ,
ಅಮ್ಮನ ಬಾಯಲ್ಲಿ "ಭಾಷಣಕಾರ"

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಅವಳು ನನ್ನ ಬೆನ್ನ ಹಿಂದೆ ಗೊಂಬೆಗಳನ್ನು ಸಾಲಾಗಿ ಕೂರಿಸಿ ಶಾಲೆಯಾಟ ಆಡುತ್ತಿದ್ದಾಳೆ. ಚಮಚದಿಂದ ತಟ್ಟೆ ಬಡಿದು ನೀರಿನ ಗಂಟೆ ಹೊಡೆದಳು. ಕರಡಿಯ ಬಾಯಿಗೆ ಲೋಟ ಹಿಡಿದು, ಅದರ ಕಿವಿಯಲ್ಲಿ ಮೆಲ್ಲಗೆ, "ಸುಮ್ನೆ ಕುಡಿದ ಹಾಗೆ ಮಾಡು, ಕಂದ" ಎಂದಳು. ಎದ್ದು ಹೋಗಿ ಅವಳ ಬ್ಯಾಗಿನಿಂದ ಶುಕ್ರವಾರದ ಬಾಟಲಿ ತೆಗೆದು ನೋಡಿದೆ. ತುಂಬಿದೆ. ಬರಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದು ಅಮ್ಮ ಹೇಳಿ ಬರೆಸಿದ್ದು. ನನಗೆ ಏನೂ ತೋಚುತ್ತಿಲ್ಲ ಅಕ್ಕಾ. ಬಾ.