ನೀವು ‘ನಕೋ’ ಎಂದದ್ದು ಯಾವುದಕ್ಕೆ

ಔರಂಗಾಬಾದ್
೪-೧೨-೧೯೯೪, ರವಿವಾರ

ನಾಸಿಕದಲ್ಲಿ ಒಬ್ಬರೇ ಇದ್ದು ಬ್ಯಾಂಕನ್ನೂ ಕುಕ್ಕರನ್ನೂ ಸಂಭಾಳಿಸುತ್ತಿರುವ ನಮ್ಮ ಮನೆಯವರಿಗೆ, ಮೃದುಲಾಳ ನಮಸ್ಕಾರ.

ಕೆಮ್ಮು ಹೇಗಿದೆ? ಮೊದಲು ಆರೋಗ್ಯ ಕೇಳಬೇಕು, ಆಮೇಲೆ ಸುದ್ದಿ ಎಂದು ಅತ್ತೆಯವರು ಕಲಿಸಿದ್ದರು. ಆದರೆ ನಿಮ್ಮ ಉಳಿದ ಆರೋಗ್ಯದ ಬಗ್ಗೆ ನನಗೆ ಕುತೂಹಲವಿಲ್ಲ, ಆ ಕೆಮ್ಮಿನದೊಂದನ್ನು ಹೇಳಿ ಸಾಕು. ಮೊನ್ನೆ ಎಸ್‌ಟಿಡಿ ಬೂತಿನಿಂದ ಮಾತಾಡಿದಾಗ ನಿಮ್ಮ ಮಾತಿಗಿಂತ ಅದೇ ಹೆಚ್ಚು ಕೇಳಿಸಿತು. ಬೂತಿನವನೂ ತಲೆಯೆತ್ತಿ ನೋಡಿದ. ದಸರೆಯ ಹೊತ್ತಿಗೆ ಅದು ನಾಸಿಕದ ಚಳಿಯಾಗಿತ್ತು. ದೀಪಾವಳಿಗೆ ನೀವು ಬಂದಾಗ ದಿಂಡೋರಿಯ ದ್ರಾಕ್ಷಿ ತೋಟಗಳಿಗೆ ಹೊಡೆಯುವ ಔಷಧದ ಗಾಳಿಯಾಯಿತು. ಈಗ ಕ್ಯಾಷಿಯರು ಹಚ್ಚುವ ಊದುಬತ್ತಿಯಂತೆ. ನಿಮ್ಮ ಕೆಮ್ಮಿಗೆ ನಿಮ್ಮ ಎದೆಯನ್ನು ಬಿಟ್ಟು ನಾಸಿಕ ಜಿಲ್ಲೆಯ ಎಲ್ಲವೂ ಕಾರಣ. ದೀಪಾವಳಿಯಲ್ಲಿ ನಿಮ್ಮ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಜಾರುತ್ತಿದ್ದಾಗ, ಕುಕ್ಕರಿನ ಅನ್ನ ತಿಂದರೆ ಹೀಗೇ ಆಗುವುದು ಎಂದು ನಾನೂ ನಕ್ಕು ಬಿಟ್ಟೆ.

ಡಾಕ್ಟರ ಹತ್ತಿರ ಹೋಗಿಬಂದೆ ಎಂದು ನೀವು ಫೋನಿನಲ್ಲಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ. “ಭಾಳ ಸಭ್ಯ ಮನಷ್ಯಾ. ಒಂದೆರಡು ಮಾತು ಕನ್ನಡನೂ ಕಲತಾರ. ಏನೋ ಪರೀಕ್ಷಾ ಮಾಡೂದಿತ್ತು ಅಂತ ಕಾಣಸ್ತದ, ಕಡೀಗೆ ಮರಾಠಿ ‘ಕಾ’ ಹಚ್ಚಿ, ಬೇಡ ಕಾ, ಬ್ಯಾಡೇನು ಅಂತ ಕೇಳಿದ್ರು. ನಮ್ಮ ಹಂಗ ಬ್ಯಾಡ ಅನ್ನಲಿಲ್ಲ ನೋಡು, ಬೆಂಗಳೂರವರ ಗತೆ ಬೇಡ ಅಂದ್ರು. ನಾ ಖಡಕ್ಕಾಗಿ ಮರಾಠಿಯೊಳಗ ನಕೋ, ಬ್ಯಾಡಂದ್ರ ಬ್ಯಾಡ ಅಂದೆ. ಸಿರಪ್ ಬರದು ಕೊಟ್ರು.” ಪರೀಕ್ಷೆ ಬೇಕೋ ಬೇಡವೋ ಎಂದು ರೋಗಿಯನ್ನೇ ಕೇಳುವ ಡಾಕ್ಟರು ಇರುತ್ತಾರೆಯೇ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಹನ್ನೊಂದು ವರ್ಷ ಈ ಸೀಮೆಯಲ್ಲಿದ್ದೇವೆ, ನಮ್ಮ ಮರಾಠಿಯ ಬಗ್ಗೆ ಇಬ್ಬರಿಗೂ ಅಷ್ಟು ಭರವಸೆ.

ಈಗ ಸುದ್ದಿ. ನಿಮ್ಮ ಹೆಂಡತಿ ಎರಡು ದಿನ ಕ್ಷಯರೋಗಿಯಾಗಿದ್ದಳು. ಗಾಬರಿಯಾಗಬೇಡಿ, ಸುಳ್ಳು ರೋಗಿ. ನಿಮ್ಮ ಹಳೆಯ ಶಾಖೆಯಲ್ಲಿ ಖಾತೆ ಇಟ್ಟಿದ್ದ ಡಾಕ್ಟರ್ ಸಬನೀಸ್ ನೆನಪಿರಬೇಕು, ಗಿಡ್ಡನೆಯ, ದೊಡ್ಡ ದನಿಯ ಹೆಂಗಸು. ಅವರು ಇಲ್ಲಿಯ ಖಾಸಗಿ ಡಾಕ್ಟರುಗಳಿಗೆ ಕ್ಷಯವನ್ನು ಗುರುತಿಸುವುದು ಹೇಗೆ, ಔಷಧಿ ಕೊಡುವುದು ಹೇಗೆ ಎಂದು ಕಲಿಸುವ ಶಿಬಿರ ನಡೆಸಿದರು. ವಾಳೂಜಿನ ಕಾರ್ಖಾನೆಗಳಿಗೆ ಗುತ್ತಿಗೆ ಕೂಲಿಗೆಂದು ನಮ್ಮ ಗುಲ್ಬರ್ಗದ ಕಡೆಯ ಜನ ತುಂಬ ಬಂದಿದ್ದಾರಲ್ಲ, ಅವರಿಗೆ ಮರಾಠಿ ಸರಿಯಾಗಿ ಬಾರದು, ಡಾಕ್ಟರುಗಳಿಗೆ ಕನ್ನಡ ಬಾರದು. ಅದಕ್ಕೇ ಕನ್ನಡದಲ್ಲಿ ಕೆಮ್ಮುವ ಇಬ್ಬರು ಬೇಕೆಂದು ಮನೆಗೆ ಬಂದರು. ನಾನು ಒಪ್ಪಿದೆ. ಮೊಂಢಾ ಪೇಟೆಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿರುವ ವೈಜನಾಥನ ಹೆಂಡತಿ ಚನ್ನಮ್ಮನನ್ನೂ ಎಳೆದುಕೊಂಡು ಹೋದೆ. ಜೇವರ್ಗಿಯವಳು, ಮದುವೆಯಾದಾಗಿನಿಂದ ಮೆಣಸಿನಕಾಯಿ ಗೋದಾಮಿನ ಮೇಲಿನ ಮಾಳಿಗೆಯಲ್ಲಿ ಸಂಸಾರ. ಕೆಮ್ಮಿನ ಅಭಿನಯವನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ದಿನ ನನ್ನ ಸರದಿ. ಕೇಳಿದ್ದಕ್ಕಷ್ಟೇ ಉತ್ತರಿಸಬೇಕು, ತಾನಾಗಿ ಏನೂ ಹೇಳಬಾರದು ಎಂದು ಸಬನೀಸ್ ತಾಕೀತು ಮಾಡಿದ್ದರು. ಎಂ.ಎ.ಯಲ್ಲಿ ಹಳಗನ್ನಡದ ವಿರಹಿಣಿಯರನ್ನು ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು. ಸೆರಗನ್ನು ಬಿಗಿಯಾಗಿ ಹೊದ್ದು, ನಿಟ್ಟುಸಿರು ಬಿಡುತ್ತ, ನಡುನಡುವೆ ಸಣ್ಣಗೆ ಕೆಮ್ಮುತ್ತ ಬೆಂಚಿನ ತುದಿಯಲ್ಲಿ ಕುಳಿತೆ. ನನ್ನನ್ನು ಪರೀಕ್ಷಿಸಿದವರು ನರೆಗೂದಲಿನ ಹಿರಿಯರು. ನಾಡಿ ಹಿಡಿದರು, ಕಣ್ಣು ನೋಡಿದರು, ಬಹಳ ಕನಿಕರದಿಂದ ಹಿಂದಿಯಲ್ಲಿ, “ಯಜಮಾನರು ಊರಲ್ಲಿಲ್ಲವೇ ತಂಗೀ?” ಎಂದರು. ನಾಸಿಕಕ್ಕೆ ವರ್ಗವಾಗಿದೆ ಎಂದೆ. “ಅಲ್ಲಿಗೆ ತಿಳಿಯಿತು ಬಿಡಿ” ಎಂದು ಟಾನಿಕ್ ಬರೆದರು. ಸಬನೀಸ್ ಎದ್ದು ನಿಂತು, “ಡಾಕ್ಟರ್, ನೀವು ಹೇಳಿದ ರೋಗವೂ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಕೆಮ್ಮು ಎಂದಿನಿಂದ ಎಂದು ಕೇಳಲೇ ಇಲ್ಲವಲ್ಲ” ಎಂದರು. ಸಭೆ ನಕ್ಕಿತು. ನಾನು ಮಾತ್ರ ನಿಟ್ಟುಸಿರಿನ ಭಂಗಿಯಲ್ಲೇ ಕುಳಿತಿದ್ದೆ, ಪಾತ್ರ ಬಿಡಲಾಗುತ್ತದೆಯೇ?

ಎರಡನೆಯ ದಿನ ಚನ್ನಮ್ಮ. ವಾಳೂಜಿನಲ್ಲಿ ದವಾಖಾನೆ ತೆರೆದಿರುವ ಎಳೆಯ ಡಾಕ್ಟರೊಬ್ಬ ಹಿಂದಿನ ದಿನದ ಪಾಠವನ್ನೆಲ್ಲ ಒಪ್ಪಿಸಿದ. ಎಂದಿನಿಂದ ಕೆಮ್ಮು, ಸಂಜೆ ಜ್ವರವೇ, ತೂಕ ಇಳಿದಿದೆಯೇ. ಚನ್ನಮ್ಮ ತನ್ನ ಗೋದಾಮಿನವರೆಗೂ ಕೇಳುವಂತೆ ಕೆಮ್ಮಿದಳು. ಅವನು ಸಂತೋಷದಿಂದ ಒಂದು ಸಣ್ಣ ಡಬ್ಬಿ ಮುಂದೆ ಹಿಡಿದು, “ಮಾವಶೀ, ಬೇಡ್ಕಾ” ಎಂದ.

“ಬ್ಯಾಡಂದ್ರ ಇಲ್ಲಿತನಾ ಯಾಕ ಬರ್ತಿದ್ದೆನೋ ನನ್ನಪ್ಪಾ” ಎಂದಳು ಚನ್ನಮ್ಮ. ಅರ್ಥವಾಗದವರಿಗೆ ಜೋರಾಗಿ ಹೇಳಿದರೆ ಅರ್ಥವಾಗುತ್ತದೆಂದು ಡಾಕ್ಟರುಗಳೂ ನಂಬುತ್ತಾರೆ. ಅವನು ದನಿ ಏರಿಸಿ, “ಬೇಡ್ಕಾ, ಬೇಡ್ಕಾ” ಎಂದ. “ನೀ ಎಷ್ಟ ಸಲ ಕೇಳಿದ್ರೂ ಅಷ್ಟ. ಬೇಕು. ಔಷಧ ಬೇಕು. ಖಾಲಿ ಡಬ್ಬಿ ಒಯ್ದು ಏನ್ ಉಪ್ಪಿನಕಾಯಿ ಹಾಕ್ಲಿ?” ಅವನು ಸೋತು, “ಪೇಷಂಟ್ ತಯಾರ್ ನಾಹೀ, ಮ್ಯಾಡಮ್” ಎಂದು ವರದಿ ಕೊಟ್ಟ. ನನಗೆ ಸಿಟ್ಟು ಬಂತು. ಎದ್ದು ನನ್ನ ಅತ್ಯುತ್ತಮ ಮರಾಠಿಯಲ್ಲಿ, ಔಷಧಿ ಕೇಳಿಕೊಂಡು ಬಂದವಳಿಗೆ ಬೇಡವಾ ಬೇಡವಾ ಎಂದು ನೀವೇ ಅಂದರೆ ಬಡವರು ಎಲ್ಲಿಗೆ ಹೋಗಬೇಕು ಎಂದು ಒಂದು ಸಣ್ಣ ಭಾಷಣ ಮಾಡಿದೆ. ಸಭೆ ಬಾಯಿ ತೆರೆದು ಕೇಳಿತು. ಸಬನೀಸ್ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು, “ಮೃದುಲಾತಾಯೀ, ಬೇಡ್ಕಾ ಮ್ಹಣಜೇ” ಎಂದು ಅರ್ಥ ಹೇಳಹೊರಟು ಎದೆಯ ಮೇಲೆ ಕೈಯಿಟ್ಟು, ಉಸಿರೆಳೆದು, ಖ್ಯಾಕರಿಸಿ ತೋರಿಸಿದರು.

ಕಫ. ಎದೆಯಿಂದ ಕೆಮ್ಮಿ ತೆಗೆಯುವ ಕಫಕ್ಕೆ ಮರಾಠಿಯಲ್ಲಿ ಬೇಡ್ಕಾ ಎನ್ನುತ್ತಾರಂತೆ. ನಮ್ಮ ಮರಾಠಿ ತರಕಾರಿಯವರಿಂದ, ಪೇಪರಿನಿಂದ, ಅರಿಸಿನ-ಕುಂಕುಮದ ಹೆಂಗಸರಿಂದ ಕಲಿತದ್ದು. ಅವರಲ್ಲಿ ಯಾರು ತಾನೇ ನಮ್ಮೆದುರು ಈ ಮಾತು ಆಡಿಯಾರು? ನಾನೂ ನಕ್ಕೆ, ಎಲ್ಲರಿಗಿಂತ ಹೆಚ್ಚು ನಕ್ಕೆ. ಕಣ್ಣೊರೆಸಿಕೊಳ್ಳುತ್ತಿದ್ದಾಗ ನಿಮ್ಮ ಖಡಕ್ಕಾದ ‘ನಕೋ’ ಕೇಳಿಸಿತು. ನಗು ಅಲ್ಲಿಗೇ ನಿಂತಿತು.

ಈಗ ತಿಳಿಯಿತೇ, ಆ ಸಭ್ಯ ಮನುಷ್ಯರು ಕನ್ನಡ ಕಲಿತವರಲ್ಲ. ಹೊರಗೆ ಸಾಲು ನಿಂತಿದ್ದ ಗಡಿಬಿಡಿಯಲ್ಲಿ ಅವರು ಕೆಮ್ಮು, ಜ್ವರ, ಕಫ ಮೂರನ್ನೂ ಖೋಕಲಾ, ತಾಪ, ಬೇಡ್ಕಾ ಎಂದು ಒಂದೇ ಉಸಿರಿಗೆ ಕೇಳಿರಬೇಕು. ಕಫ ಬೀಳುತ್ತದೆಯೇ ಎಂದರೆ ನೀವು, ನನಗೆ ಬೇಡ, ನಿಮ್ಮಲ್ಲೇ ಇರಲಿ ಎಂಬಂತೆ ಉತ್ತರ ಕೊಟ್ಟು ಎದ್ದು ಬಂದಿರಿ. ಅವರಿಗೆ ಸಿರಪ್ಪಿನ ಹೊರತು ಏನು ಉಳಿಯಿತು?

ಸಬನೀಸ್ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, ಇದಕ್ಕೆ ಕನ್ನಡದ ಮಾತು ಬರೆಯಿರಿ ಎಂದರು. ನಾನು ‘ಶ್ಲೇಷ್ಮ’ ಎಂದು ಬರೆದು ಓದಿದೆ. “ಯಾರ ಮಗಳರೀ ಆಕಿ?” ಎಂದಳು ಚನ್ನಮ್ಮ. ಅಳಿಸಿದೆ. ಕೊನೆಗೆ ಇಬ್ಬರೂ ಜಗಳಾಡಿ ಒಪ್ಪಿದ್ದು, ‘ಎದಿಯಾಗಿಂದು ಖ್ಯಾಕರಿಸಿ ಇದರಾಗ ಉಗುಳ್ರಿ’ ಎಂಬುದನ್ನು. ಡಾಕ್ಟರುಗಳೆಲ್ಲ ಮಗ್ಗಿ ಒಪ್ಪಿಸುವಂತೆ ಒಕ್ಕೊರಲಿನಿಂದ ಖ್ಯಾಕರಿಸಿ, ಖ್ಯಾಕರಿಸಿ ಎಂದು ಕಲಿತರು. ಟಾನಿಕ್ ಬರೆದ ಹಿರಿಯರ ಉಚ್ಚಾರ ಎಲ್ಲರಿಗಿಂತ ಶುದ್ಧ. ಇಪ್ಪತ್ತು ವರ್ಷ ಕವಿತೆ ಓದಿದರೂ ಒಂದು ಶಬ್ದಕ್ಕಾಗಿ ನಾನು ಇಷ್ಟು ಹೋರಾಡಿದ್ದಿಲ್ಲ.

ನಾನು ಕಲಿತದ್ದನ್ನು ನಿಮಗೂ ಒಪ್ಪಿಸಿಬಿಡುತ್ತೇನೆ. ಮೂರು ವಾರ ಮೀರಿದ ಕೆಮ್ಮಿಗೆ ಸಿರಪ್ಪೂ ಅಲ್ಲ, ಊದುಬತ್ತಿಯವನ ಮೇಲೆ ಸಿಟ್ಟೂ ಅಲ್ಲ, ಮೊದಲು ಕಫದ ಪರೀಕ್ಷೆ. ಇಲ್ಲವೆಂದು ಬಂದರೆ ನಾವಿಬ್ಬರೂ ನಗೋಣ. ಇದೆ ಎಂದು ಬಂದರೆ ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಿಸದೆ. ಎರಡು ತಿಂಗಳಿಗೆ ಮೈ ತುಂಬಿಕೊಂಡಿತೆಂದು ಬಿಟ್ಟವರೇ ಕೆಡುತ್ತಾರೆಂದು ಸಬನೀಸ್ ಮೇಜು ಗುದ್ದಿ ಹೇಳಿದರು. ಪೂರ್ತಿ ವಾಸಿಯಾಗುವ ರೋಗ. ಬ್ಯಾಂಕಿನಲ್ಲಿ ಜನ ಏನೆಂದಾರು ಎಂದು ನೀವು ಯೋಚಿಸುತ್ತೀರೆಂದು ಗೊತ್ತು. ನಿಮ್ಮ ಪಕ್ಕದ ಮೇಜಿನವರು ದಿನವೂ ನಿಮ್ಮ ಕೆಮ್ಮು ಕೇಳಿ ಈಗೇನು ಅನ್ನುತ್ತಿರಬಹುದು ಎಂದೂ ಸ್ವಲ್ಪ ಯೋಚಿಸಿ.

ತುಳಸಿ ಕಷಾಯ ಕುಡಿಯಿರಿ, ಕೆಡುಕೇನಿಲ್ಲ. ರಾಯರು ನಿಮ್ಮನ್ನು ಕಾಪಾಡಲಿ, ನೀವೂ ಅವರಿಗೆ ಒಂದಿಷ್ಟು ನೆರವಾಗಿ.

ನಿಮ್ಮ,
ಮೃದುಲಾ

ಮರೆತೆ: ಮೆಣಸಿನಕಾಯಿ ಲಾರಿ ನಾಸಿಕಕ್ಕೆ ಹೊರಡುತ್ತಿದೆ, ವೈಜನಾಥ ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈ ಕಾಗದದ ಜೊತೆ ಅವನು ಕೊಡುವ ಚೀಲದಲ್ಲಿ ಎರಡು ಡಬ್ಬಿ ಚಟ್ನಿಪುಡಿ ಇದೆ. ಬಿಳಿ ಮುಚ್ಚಳದ ಸಣ್ಣದು ಖಾಲಿ, ಅದರಲ್ಲಿ ಅಡಿಕೆ ಹಾಕಿಡಬೇಡಿ. ಬೆಳಿಗ್ಗೆ ಚಹಾಕ್ಕೆ ಮುಂಚೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ತೆಗೆದು, ಅದೇ ಡಾಕ್ಟರಿಗೆ ಒಯ್ದು ಕೊಡಿ. ನೀವು ಅಲ್ಲಿಗೆ ಹೋಗುವ ತನಕ ನಿಮ್ಮ ಪಡಸಾಲೆ ಬಿಟ್ಟು ಕದಲಬಾರದೆಂದು ವೈಜನಾಥನಿಗೆ ಹೇಳಿದ್ದೇನೆ. ಅವನು ಗೊರಕೆ ಹೊಡೆಯುತ್ತಾನಂತೆ, ಆದಷ್ಟು ಬೇಗ ಮುಗಿಸಿ. ಇನ್ನೊಂದು, ಮೇಲೆ ಬರೆಯಲು ಕೈ ಬರಲಿಲ್ಲ. ದೀಪಾವಳಿಗೆ ನೀವು ಬಂದುಹೋದ ಮೇಲೆ ನಮ್ಮ ಶುಭಾಳಿಗೂ ಕೆಮ್ಮು ಹಿಡಿದಿದೆ, ನಿಂತಿಲ್ಲ. ಹನ್ನೆರಡನೆಯ ತರಗತಿಯ ಓದಿನ ದಣಿವು ಎಂದುಕೊಂಡಿದ್ದೆ. ನಿನ್ನೆ ಸಬನೀಸರಲ್ಲಿಗೆ ಕರೆದೊಯ್ದೆ. ಬೇಡ್ಕಾ ಅಂದ ಕೂಡಲೇ ಸುಮ್ಮನೆ ಡಬ್ಬಿ ತೆಗೆದುಕೊಂಡು ಅಂಗಳಕ್ಕೆ ಹೋದಳು. ಇಲ್ಲೇ ಬೆಳೆದವಳಲ್ಲವೇ. “ಅಪ್ಪಾಗ ಏವಢಾ ಸೋಪಾ ಶಬ್ದ, ಇಷ್ಟು ಸರಳ ಮಾತು, ಮಾಹೀತ್ ಇಲ್ಲಾ?” ಎಂದು ನನ್ನನ್ನೇ ಕೇಳಿದಳು. ಅವಳ ವರದಿ ಬುಧವಾರ ಬರುತ್ತದೆ. ಒಬ್ಬಳೇ ಹೋಗಿ ತರಲು ನನಗೆ ಧೈರ್ಯವಿಲ್ಲ. ನಿಮ್ಮದನ್ನು ಕೊಟ್ಟು ಮಂಗಳವಾರ ಸಂಜೆಯ ಬಸ್ಸು ಹತ್ತಿ. ಕಿಟಕಿಯ ಪಕ್ಕ ಕೂತು, ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಬನ್ನಿ.