ಹಿಡಿ ತಿರುಗಿಸಿದವರು

ಮನೆ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಸೋಮವಾರ

ಪ್ರೀತಿಯ ಸೊಸೆಗೆ,

ಮಗಳೇ ಎಂದು ಬರೆಯಲು ಹೊರಟಿದ್ದೆ. ಆದರೆ ಇವತ್ತು ನಿನ್ನ ಜೊತೆ ಜಗಳವಾಡುವುದಿದೆ, ಅದಕ್ಕೆ ಅತ್ತೆ ಸೊಸೆ ಎಂದಿದ್ದರೇ ಅನುಕೂಲ. ಹೇಗಿದ್ದೀಯ? ಹಾಸ್ಟೆಲಿನ ಊಟ ಒಗ್ಗಿತೇ? ಕಣ್ಣು ಉರಿಯುತ್ತದೆ ಎಂದಿದ್ದೆ, ಡಾಕ್ಟರಿಗೆ ತೋರಿಸಿದೆಯೋ ಅಥವಾ ಎಲ್ಲದರಂತೆ ಅದನ್ನೂ ವೈವಾ ಮುಗಿದ ಮೇಲೆ ಎಂದು ಮುಂದಕ್ಕೆ ಹಾಕಿದೆಯೋ? ನಿನ್ನ ಗಂಡ ಚೆನ್ನಾಗಿದ್ದಾನೆ. ಬಟ್ಟೆ ಒಗೆಯುವುದನ್ನು ಹೊಸದಾಗಿ ಕಲಿತಿದ್ದಾನೆ, ಬಿಳಿ ಅಂಗಿಗಳೆಲ್ಲ ಈಗ ತಿಳಿ ನೀಲಿ. ನಾನು ವಯಸ್ಸಿಗೆ ತಕ್ಕ ಹಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈದುಕೊಳ್ಳಬೇಡ, ಅವನು ತಂದ ಪೆನ್ನೇ ಸರಿಯಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಆಯ್ತು ಅತ್ತೆ, ನೋಡ್ತೀನಿ ಅತ್ತೆ' ಎಂದು ನನ್ನ ಬಾಯಿ ಕಟ್ಟಿಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ಕೊರಿಯರಿನವರು ನಾಳೆ ನಿನ್ನ ಕೈಗೆ ತಲುಪಿಸುತ್ತಾರಂತೆ. ಗುರುವಾರ ನಿನ್ನ ವೈವಾ. ನಡುವೆ ಒಂದು ದಿನ ಸಿಗುತ್ತದೆ, ನಾನು ಹೇಳುವ ಕೆಲಸಕ್ಕೆ ಅಷ್ಟು ಸಾಕು.

ನೀನು ಮನೆಯಲ್ಲಿ ಬಿಟ್ಟುಹೋದ ಪಿಎಚ್‌ಡಿ ಪ್ರಬಂಧದ ಪ್ರತಿಯನ್ನು ಓದಿದೆ. ಕಚೇರಿಯಲ್ಲಿ ಇಡೀ ಆಯುಷ್ಯ ಬೇರೆಯವರು ಬರೆದದ್ದನ್ನು ಟೈಪ್ ಮಾಡಿದವಳಿಗೆ ವಿಜ್ಞಾನದ ಇತಿಹಾಸವಾದರೇನು, ತತ್ವಶಾಸ್ತ್ರವಾದರೇನು, ಅರ್ಥವಾಗದಿದ್ದರೂ ಓದುವ ಅಭ್ಯಾಸವಿದೆ. ಮೊದಲ ಮೂರು ಅಧ್ಯಾಯಗಳಲ್ಲಿ ನಿದ್ದೆ ಬಂತು, ಬೇಜಾರಾಗಬೇಡ. ನಾಲ್ಕನೆಯದರಲ್ಲಿ ಎದ್ದು ಕೂತೆ. ಅಲ್ಲಿ ನಿನ್ನ ಗಡ್ಡದ ಮಹಾಶಯ ಬರುತ್ತಾನೆ. ನೂರೈವತ್ತು ವರ್ಷದ ಹಿಂದೆ ಮುಚ್ಚಿದ ಕೋಣೆಯಲ್ಲಿ ಕೂತು, ತಾಮ್ರದ ಪಾತ್ರೆಯೊಳಗಿನ ನೀರನ್ನು ಹಿಡಿ ತಿರುಗಿಸಿ ಕಲಕಿ, ಬರೀ ಕಲಕಿದ್ದಕ್ಕೇ ನೀರು ಎಷ್ಟು ಬಿಸಿಯಾಗುತ್ತದೆ ಎಂದು ಅಳೆದು, ಎಲ್ಲವನ್ನೂ ನಾನೊಬ್ಬನೇ ಮಾಡಿದೆ ಎಂದು ಅಚ್ಚು ಹಾಕಿಸಿದ ಪುಣ್ಯಾತ್ಮ. ನಿಮ್ಮ ಗೈಡ್ ಒಂದು ದಪ್ಪ ಪುಸ್ತಕ ಬರೆದು ಹೊಗಳಿದ್ದು ಅವನ ಆ ಒಂಟಿ ತಪಸ್ಸನ್ನೇ. ಅದು ನಿಜವಲ್ಲ ಎಂದು ನೀನು ತೋರಿಸಿದೆ. ಅಂಥದ್ದೇ ಪಾತ್ರೆ ಮಾಡಿಸಿ, ಅವನ ಕೋಣೆಯಷ್ಟೇ ಇರುವ ನಮ್ಮ ಈ ಹಿಂದಿನ ಕೋಣೆಯಲ್ಲಿ ಅದೇ ಪ್ರಯೋಗ ಮಾಡಿದೆ. ಒಬ್ಬರೇ ಇದ್ದರೆ ಕೋಣೆಯ ಗಾಳಿ ಅವನು ಬರೆದಿಟ್ಟ ಕಾವಿನ ಪಟ್ಟಿಯಲ್ಲಿರುವಷ್ಟು ಬೆಚ್ಚಗಾಗುವುದಿಲ್ಲ. ಇಬ್ಬರಿದ್ದರೆ ಸರಿಯಾಗಿ ಅಷ್ಟೇ ಆಗುತ್ತದೆ. ಅಂದರೆ ಅವನ ಜೊತೆ ಯಾರೋ ಇದ್ದರು. ಅವರ ಮೈಯ ಕಾವು ಪಟ್ಟಿಯಲ್ಲಿ ಉಳಿದಿದೆ, ಹೆಸರು ಉಳಿದಿಲ್ಲ. ಓದುತ್ತಾ ನನಗೆ ಹೆಮ್ಮೆಯಾಯಿತು, ಅಡುಗೆಮನೆಗೆ ಹೋಗಿ ನಿನ್ನ ಗಂಡನಿಗೂ ಓದಿ ಹೇಳಿದೆ.

ಆಮೇಲೆ ಪುಟ ತಿರುಗಿಸಿದೆ. ಪ್ರಯೋಗದ ವಿಧಾನ ಎಂಬಲ್ಲಿ ನೀನು ಬರೆದಿದ್ದೀಯ: 'ಎಲ್ಲ ಪ್ರಯೋಗಗಳನ್ನೂ ಸಂಶೋಧಕಿ ಒಬ್ಬಳೇ ನಡೆಸಿದಳು. ಎರಡನೆಯ ವ್ಯಕ್ತಿಯ ಇರುವಿಕೆ ಅಗತ್ಯವಾದಾಗ ಒಬ್ಬರನ್ನು ಕೋಣೆಯಲ್ಲಿ ಕೂರಿಸಲಾಯಿತು.' ಕೂರಿಸಲಾಯಿತಂತೆ, ಮೂಲೆಗೆ ಕುರ್ಚಿ ಹಾಕಿದ ಹಾಗೆ.

ಅಮ್ಮಾ ತಾಯಿ, ಬೇಸಿಗೆಯಿಡೀ ಹಿಡಿ ತಿರುಗಿಸಿದವಳು ನಾನು. ನೀನು ನೆಲಕ್ಕೆ ಮಂಡಿಯೂರಿ ಪಾದರಸ ನೋಡುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ, 'ಒಂದೇ ಸಮ ಅತ್ತೆ, ಒಂದೇ ಸಮ' ಎನ್ನುತ್ತಿದ್ದೆ. ಸೆಖೆ ತಾಳಲಾರದೆ ನಾನು ಏನಾದರೂ ಅಂದರೆ 'ಮಾತಾಡ್ಬೇಡಿ, ಉಸಿರು ಬಿಸಿ' ಎಂದು ಗದರುತ್ತಿದ್ದೆ. ವಿಜ್ಞಾನದ ಹೆಸರಿನಲ್ಲಿ ಸೊಸೆಯಿಂದ ಬಾಯಿ ಮುಚ್ಚಿಸಿಕೊಂಡ ಅತ್ತೆ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಒಂದು ಮಧ್ಯಾಹ್ನ ನಾನು ನಡುವೆಯೇ ಎದ್ದು ಹೊರಗೆ ಹೋದೆನಲ್ಲ, ನೆನಪಿದೆಯಾ? ತಿರುಗಿ ಬಂದು ಹಾಲು ಉಕ್ಕಿ ಹೋಯಿತು ಎಂದೆ. ಎಲ್ಲ ಕೆಟ್ಟಿತು ಎಂದು ನೀನು ಸಿಡುಕಿದೆ. ಮುಗಿದ ಮೇಲೆ ಇಬ್ಬರೂ ಹೊಸ್ತಿಲ ಮೇಲೆ ಕೂತು ಹಾಲಿಲ್ಲದ ಚಹಾ ಕುಡಿದೆವು. ಸಿಡುಕಿದ್ದಕ್ಕೆ ಪಶ್ಚಾತ್ತಾಪವಾಗಿ ನೀನೇ ಪಾತ್ರೆಯೆಲ್ಲ ತೊಳೆದಿಟ್ಟೆ. ಕೈ ಒರೆಸಿಕೊಂಡು ಬಂದು ಪಟ್ಟಿ ನೋಡಿದವಳು ಕೂಗಿಕೊಂಡೆ. ನಾನಿಲ್ಲದ ಹೊತ್ತು ಕೋಣೆಯ ಕಾವು ಏರುವುದು ನಿಂತಿತ್ತು, ಬರೆದುಕೊಂಡ ಅಂಕಿಗಳ ಸಂಖ್ಯೆಯೂ ಅರ್ಧಕ್ಕರ್ಧ ಕಡಿಮೆ, ಏಕೆಂದರೆ ತಿರುಗಿಸುವುದೂ ಬರೆಯುವುದೂ ನಿನ್ನೊಬ್ಬಳ ಮೇಲೆ ಬಿದ್ದಿತ್ತು. ಗಡ್ಡದವನ ಪಟ್ಟಿಯ ನಡುವೆಯೂ ಅಂಥದ್ದೇ ಒಂದು ಜಾಗವಿತ್ತು. ಇಷ್ಟು ವರ್ಷ ಎಲ್ಲರೂ ಅದನ್ನು ಉಪಕರಣದ ದೋಷ ಎಂದು ಬಿಟ್ಟಿದ್ದರು. ಅಲ್ಲಿಯೂ ಯಾರೋ ಎದ್ದು ಹೊರಗೆ ಹೋಗಿ, ಮತ್ತೆ ಒಳಗೆ ಬಂದಿದ್ದರು. ಆ ಕಾವು ದೀಪದ್ದಿರಬಹುದು ಎಂದು ನಿಮ್ಮ ಗೈಡ್ ತಳ್ಳಿಹಾಕಿದಾಗ ನೀನು ಅಳುತ್ತಾ ಮನೆಗೆ ಬಂದೆ. 'ಅಂಕಿ ಯಾಕೆ ಅರ್ಧ ಆಯ್ತು ಹಾಗಾದ್ರೆ? ದೀಪ ಹಿಡಿ ತಿರುಗಿಸ್ತಿತ್ತೇನೇ?' ಎಂದವಳು ನಾನು. ಆ ಮಾತೂ ಅಧ್ಯಾಯದಲ್ಲಿದೆ, ನೀಟಾದ ಭಾಷೆಯಲ್ಲಿ.

ಯಾಕೆ ಹಾಗೆ ಬರೆದೆ ಎಂಬುದೂ ಗೊತ್ತು. 'ಮನೆಯವರನ್ನ ಕಟ್ಕೊಂಡು ಮಾಡಿದ್ದನ್ನ ಯಾರೂ ಪ್ರಯೋಗ ಅನ್ನಲ್ಲ' ಎಂದಿದ್ದರಂತೆ ಗೈಡ್. ನಿನ್ನ ಗಂಡ ಹೇಳಿದ. ನೀನು ಹೆದರಿದೆ. ನನಗೆ ನೋವಾಯಿತು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಸುಮ್ಮನೂ ಇರುತ್ತಿದ್ದೆ. ಆದರೆ ನಿನ್ನೆ ಅವನು ಇನ್ನೊಂದು ಸುದ್ದಿ ಹೇಳಿದ. ಪರೀಕ್ಷಕರು ಗುರುವಾರ ಪ್ರಯೋಗವನ್ನು ಕಣ್ಣೆದುರೇ ಮಾಡಿ ತೋರಿಸು ಎಂದಿದ್ದಾರಂತೆ, 'ಹೇಗೋ ಒಬ್ಬಳೇ ಮಾಡ್ತೀನಿ' ಎಂದು ನೀನು ಒಪ್ಪಿಕೊಂಡಿದ್ದೀಯಂತೆ. ಅದನ್ನು ಕೇಳಿದಾಗಿನಿಂದ ನೋವು ಹೋಗಿ ಭಯ ಹಿಡಿದಿದೆ. ಒಬ್ಬರಿಂದ ಆಗದ ಕೆಲಸ ಎಂದು ಅಧ್ಯಾಯಪೂರ್ತಿ ಸಾಧಿಸಿದವಳು ನೀನು. ಗುರುವಾರ ನಿನ್ನೊಬ್ಬಳಿಂದ ಆಗಿಬಿಟ್ಟರೆ ಗಡ್ಡದವನೇ ಗೆದ್ದ. ಆಗದಿದ್ದರೆ ನೀನು ಬರೆದುಕೊಂಡ ಅಂಕಿಗಳೆಲ್ಲ ಎಲ್ಲಿಂದ ಬಂದವು ಎಂದು ಕೇಳುತ್ತಾರೆ. ಎರಡರಲ್ಲಿ ಯಾವುದಾದರೂ ಗೈಡಿಗೆ ಸಾಕು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ಇಷ್ಟು ವರ್ಷ ಕಣ್ಣು ಕೆಡಿಸಿಕೊಂಡು ಓದಿದ್ದು ಆ ಒಂದು ಸಾಲಿಗಾಗಿ ಹೋದರೆ ನಾನು ಹೇಗೆ ಸಹಿಸಲಿ?

ಅದಕ್ಕೇ ಹಳೇ ಟೈಪ್‌ರೈಟರನ್ನು ಅಟ್ಟದಿಂದ ಇಳಿಸಿ, ಒಂದೊಂದೇ ಅಕ್ಷರ ಕುಟ್ಟಿ, ಒಂದು ತಿದ್ದುಪಡಿ ಹಾಳೆ ತಯಾರು ಮಾಡಿ ಇದರೊಳಗೆ ಇಟ್ಟಿದ್ದೇನೆ. ಕಚೇರಿಯಲ್ಲಿ ದೊಡ್ಡ ದೊಡ್ಡವರ ತಪ್ಪಿಗೆ ಇಂಥವು ಎಷ್ಟೋ ಟೈಪ್ ಮಾಡಿದ್ದೇನೆ, ಯಾರ ಪ್ರಾಣವೂ ಹೋಗಲಿಲ್ಲ. ಪ್ರಯೋಗ ಇಬ್ಬರು ಮಾಡಿದ್ದು ಎಂದು ಅದರಲ್ಲಿದೆ. ವೈವಾ ಶುರುವಾಗುವ ಮೊದಲು ಸಹಿ ಹಾಕಿ ಪರೀಕ್ಷಕರ ಕೈಗೆ ನೀನೇ ಕೊಡು, ಅವರು ಹುಡುಕಿ ತೆಗೆಯುವವರೆಗೆ ಕಾಯಬೇಡ. ಗೈಡ್ ಸಿಟ್ಟಾದರೆ ಆಗಲಿ, ನಿಜ ಹೇಳಿದವಳನ್ನು ನಾಲ್ಕು ಜನರ ಎದುರು ಬೈಯುವುದು ಅವರಿಗೂ ಕಷ್ಟ. ಹಿಡಿ ತಿರುಗಿಸಿದವರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಾನೇ ಟೈಪ್ ಮಾಡಿಕೊಳ್ಳಬಹುದಿತ್ತು, ಮನಸ್ಸು ಬರಲಿಲ್ಲ. ನಿನ್ನ ಕೈಯಲ್ಲಿ ಬರಿ. ಅತ್ತೆ ಎಂದು ಬರೆಯಬೇಡ, ಅತ್ತೆಯರು ಲೋಕದ ತುಂಬಾ ಇದ್ದಾರೆ. ಇನಿಷಿಯಲ್ ಸಮೇತ ಪೂರ್ತಿ ಹೆಸರು ಬರಿ.

ಬುಧವಾರ ಸಂಜೆಯ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ಅಷ್ಟರೊಳಗೆ ಹೊಟ್ಟೆ ತುಂಬ ಊಟ ಮಾಡಿ ಚೆನ್ನಾಗಿ ನಿದ್ದೆ ಮಾಡು. ಗುರುವಾರ ನಿನ್ನ ನಾಲಿಗೆ ತೊದಲದಿರಲಿ, ಪಾದರಸ ಏರಬೇಕಾದಷ್ಟೇ ಏರಲಿ ಎಂದು ಹರಸುವ,

ನಿನ್ನ ಅತ್ತೆ

ಮರೆತ ಮಾತು: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಗುರುವಾರ ಹಿಡಿ ತಿರುಗಿಸುವವನು ನಿನ್ನ ಗಂಡ, ನಾನಲ್ಲ. ನಿನ್ನೆಯಿಂದ ಹೊಲಿಗೆ ಯಂತ್ರದ ಚಕ್ರದ ಮೇಲೆ ಅಭ್ಯಾಸ ಮಾಡಿಸುತ್ತಿದ್ದೇನೆ, ನಾನು ಪಕ್ಕದಲ್ಲಿ ಕೂತು ಒಂದೇ ಸಮ ಎನ್ನುತ್ತೇನೆ. ನಾನು ಎದ್ದು ಹೋದ ಆ ಮಧ್ಯಾಹ್ನ ತಿರುಗಿಸುತ್ತಿದ್ದ ಹಾಗೇ ನನ್ನ ಬಲಗೈ ಸತ್ತಂತಾಯಿತು, ಬೆರಳು ಹಿಡಿಯ ಮೇಲೆ ನಿಲ್ಲಲಿಲ್ಲ. ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ, ನಿನ್ನನ್ನು ಕೂಗೋಣವೆಂದರೆ ನಾಲಿಗೆ ಹೊರಳಲಿಲ್ಲ. ಜೀವ ಬಂದ ಮೇಲೆ ಒಳಗೆ ಬಂದು ಉಳಿದದ್ದನ್ನು ಎಡಗೈಯಲ್ಲಿ ತಿರುಗಿಸಿದೆ. ಹೋದ ವಾರ ಮತ್ತೆ ಹಾಗೇ ಆಯಿತು, ಆಗ ಡಾಕ್ಟರ ಹತ್ತಿರ ಹೋದೆ. ಮೊದಲ ಸಲವೇ ಯಾಕೆ ಬರಲಿಲ್ಲ ಎಂದು ಬೈದು ಮಾತ್ರೆ ಕೊಟ್ಟಿದ್ದಾರೆ. ನೀನು ಹೆದರಬೇಡ, ಮೊದಲು ವೈವಾ ಮುಗಿಸು. ಗಡ್ಡದವನ ಕೋಣೆಯಿಂದ ಎದ್ದು ಹೋದವರನ್ನೂ ಯಾಕೆ ಹೋದಿರಿ ಎಂದು ಯಾರೂ ಕೇಳಿರಲಿಕ್ಕಿಲ್ಲ. ಹಾಲು ಉಕ್ಕಿತು ಎಂದೆ, ನೀನು ನಂಬಿದೆ. ಆ ದಿನ ಪಾತ್ರೆಯೆಲ್ಲ ತೊಳೆದವಳು ನೀನೇ ಅಲ್ಲವೇ, ಅದರಲ್ಲಿ ಹಾಲಿನ ಪಾತ್ರೆ ಇತ್ತೇ?